‘ರೆಡ್‌ಬ್ರೆಸ್ಟ್‌’ ಕಾದಂಬರಿಯಲ್ಲಿ ಯುದ್ಧದ ಅಧ್ಯಾಯಗಳು ಬೋರ್. ಅವನ್ನು ಬಿಟ್ಟು ಓದಿದರೆ ನಡೆಯುತ್ತಾ?

ನಡೆಯಲ್ಲ. ನಾನು ಹಾಗೇ ಓದಿ ಕೆಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ಹುಬ್ಬಳ್ಳಿಗೆ ಹೋಗುವ ರಾತ್ರಿ ರೈಲಿನಲ್ಲಿ ಶುರು ಮಾಡಿದ್ದೆ. ನಾರ್ವೆಯ ಪತ್ತೇದಾರಿ ಕಾದಂಬರಿಕಾರ ಜೋ ನೆಸ್ಬೋ ತಮ್ಮ ದೇಶದಲ್ಲಿ ಇದನ್ನು ಪ್ರಕಟಿಸಿದ್ದು 2000ದಲ್ಲಿ, ಇಂಗ್ಲಿಷಿಗೆ ಬಂದದ್ದು 2006ರಲ್ಲಿ. ನನ್ನದು ಹಳೇ ಪುಸ್ತಕದಂಗಡಿಯ ಪ್ರತಿ. ಕಥೆ ಶುರುವಾದಾಗ ಅಮೆರಿಕದ ಅಧ್ಯಕ್ಷರು ನಾರ್ವೆಯ ರಾಜಧಾನಿ ಓಸ್ಲೋಗೆ ಬಂದಿದ್ದಾರೆ. ಟೋಲ್ ಗೇಟ್ ಹತ್ತಿರ ಪೊಲೀಸ್ ಹ್ಯಾರಿ ಹೂಲೆ ಅವರದೇ ಭದ್ರತೆಯವನೊಬ್ಬನಿಗೆ ಗುಂಡು ಹೊಡೆದುಬಿಡುತ್ತಾನೆ. ಮರ್ಯಾದೆ ಉಳಿಸಿಕೊಳ್ಳಲು ಮೇಲಿನವರು ಅವನಿಗೆ ಬಡ್ತಿ ಕೊಟ್ಟು ಮೂಲೆಗೆ ತಳ್ಳುತ್ತಾರೆ. ಸಖತ್ ಶುರು ಅಲ್ವಾ? ಅಷ್ಟರಲ್ಲಿ ಪುಟದ ಮೇಲೆ ‘ಲೆನಿನ್‌ಗ್ರಾಡ್, 1942’. ರಷ್ಯಾದ ಹಿಮ, ಕಂದಕ, ಹಿಟ್ಲರನ ಪರ ಕಾವಲು ನಿಂತ ನಾರ್ವೆಯ ಹುಡುಗರು.

ನನ್ನ ತಪ್ಪು ಇಲ್ಲೇ. ಇದೇನು, ಸಿನಿಮಾದ ಫ್ಲ್ಯಾಶ್‌ಬ್ಯಾಕ್ ತಾನೆ, ಬೇಕಾದ್ದನ್ನು ಕೊನೆಯಲ್ಲಿ ಪೊಲೀಸರೇ ಕೂತು ವಿವರಿಸುತ್ತಾರೆ ಅಂದುಕೊಂಡೆ. ಪತ್ತೇದಾರಿ ಕಥೆಗಳಲ್ಲಿ ಹಾಗೇ ಆಗುವುದಲ್ವಾ? ಅಧ್ಯಾಯದ ತಲೆಯಲ್ಲಿ ಊರು, ತಾರೀಕು ಇರುತ್ತದೆ. 1940ರ ದಶಕ ಕಂಡರೆ ಹಾರಿಸು, 1999 ಅಥವಾ 2000 ಕಂಡರೆ ಓದು. ವಿಯೆನ್ನಾ ಆಸ್ಪತ್ರೆಯ ಗಾಯಾಳು, ನರ್ಸ್ ಹೆಲೆನಾ, ಎಲ್ಲ ಹಾರಿದವು. ಆದರೆ ಇಲ್ಲಿ ಹ್ಯಾರಿಗೆ ಗೊತ್ತಿಲ್ಲದ್ದು ಓದುವವನಿಗೆ ಗೊತ್ತಿರುತ್ತದೆ. ಹ್ಯಾರಿ ಹುಡುಕುವ ಹಂತಕ ಮುದುಕನ ಹುಟ್ಟು ಆ ಕಂದಕದಲ್ಲಿದೆ. ಕೊನೆಗೆ ಅವನ ಹೆಸರು ಬಂದಾಗ ಬೆಚ್ಚಿಬೀಳಬೇಕಾದ ನಾನು, ‘ಇವನ್ಯಾರು?’ ಅಂತ ಪುಟ ಹಿಂದೆ ತಿರುಗಿಸುತ್ತಿದ್ದೆ. ಆಮೇಲೆ ಯುದ್ಧದ ಭಾಗಗಳನ್ನು ಓದಿದೆ, ಅವೇ ಪುಸ್ತಕದ ಜೀವ. ಆದರೆ ಗುಟ್ಟು ಆಗಲೇ ಗೊತ್ತಾಗಿಹೋಗಿತ್ತು. ಮೊದಲನೇ ಸಲದ ಓದನ್ನು ಯಾರು ವಾಪಸ್ ಕೊಡುತ್ತಾರೆ?

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಯುದ್ಧ ಇಲ್ಲಿ ಹಿನ್ನೆಲೆ ಅಲ್ಲ, ಅದೇ ಕೇಸು. ಮೊದಲು ಇತಿಹಾಸ ಓದಿಕೊಂಡು ಬನ್ನಿ ಅಂತಲೂ ನಾನು ಹೇಳಲ್ಲ. 1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಗೆ ನುಗ್ಗಿತು, ರಾಜ ಬ್ರಿಟನ್ನಿಗೆ ಹೋದ, ಅಲ್ಲಿನ ರಾಜಕಾರಣಿ ಕ್ವಿಸ್ಲಿಂಗ್ ಜರ್ಮನ್ನರ ಜೊತೆ ಸೇರಿದ, ಕೆಲವು ಸಾವಿರ ಹುಡುಗರು ರಷ್ಯಾ ವಿರುದ್ಧ ಕಾದಾಡಲು ಹೋಗಿ, ಯುದ್ಧ ಮುಗಿದ ಮೇಲೆ ದೇಶದ್ರೋಹಿಗಳೆನಿಸಿಕೊಂಡು ಜೈಲು ಸೇರಿದರು. ಇಷ್ಟು ಸಾಕು. ನೆಸ್ಬೋ ಅಪ್ಪನೇ ಹಾಗೆ ಹೋದವರು. ಮಗನಿಗೆ ಅದು ಗೊತ್ತಾದಾಗ 15 ವರ್ಷ. ಅಮ್ಮನ ಮನೆಯವರು ಜರ್ಮನ್ನರ ವಿರೋಧಿಗಳು. ಒಂದೇ ಮನೆಯಲ್ಲಿ ಎರಡೂ ಪಕ್ಷ! ಆ ಮುದುಕನನ್ನು ಸುಮ್ನೆ ಖಳನಾಯಕನನ್ನಾಗಿ ಮಾಡಿಲ್ಲ ಏಕೆ ಅನ್ನುವುದು ನನಗೆ ಅರ್ಥವಾದದ್ದು ಇದರಿಂದ.

(ನಮ್ಮ ನೇತಾಜಿಯೂ ಬರ್ಲಿನ್‌ಗೆ ಹೋಗಿದ್ದರಲ್ಲ ಅನ್ನಬೇಡಿ. ನಮ್ಮನ್ನು ಆಳುತ್ತಿದ್ದವರು ಬ್ರಿಟಿಷರು. ಈ ಹುಡುಗರು ಸೇರಿದ್ದು ತಮ್ಮ ದೇಶವನ್ನೇ ನುಂಗಿದವರ ಸೈನ್ಯಕ್ಕೆ.)

ಇನ್ನೊಂದು ಮಾತು. ಇದೇ ಹ್ಯಾರಿಯ ಮುಂದಿನ ಕಾದಂಬರಿಗಳಲ್ಲೊಂದಾದ ‘ಡೆವಿಲ್ಸ್ ಸ್ಟಾರ್’ ಇಂಗ್ಲಿಷಿಗೆ ಮೊದಲು ಬಂತು ಅಂತ ಅದನ್ನು ಮೊದಲು ಓದಬೇಡಿ. ಇಲ್ಲಿ ಮುಗಿಯದ ಒಂದು ಎಳೆ ನಡುವಿನ ಕಾದಂಬರಿ ‘ನೆಮೆಸಿಸ್’ ದಾಟಿ ಅಲ್ಲಿಗೆ ಹೋಗುತ್ತದೆ.

ಈಗ ಪುಟ ಹಿಂದೆ ತಿರುಗಿಸಿ. 1942ರ ಡಿಸೆಂಬರ್ 31ರ ರಾತ್ರಿಯ ಅಧ್ಯಾಯ ಹುಡುಕಿ, ನಿಧಾನವಾಗಿ ಓದಿ. ಕಂದಕದಲ್ಲಿ ಯಾರ್ಯಾರು ಇದ್ದರು, ಬೆಳಗಾದಾಗ ಯಾರು ಇರಲಿಲ್ಲ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.