ಹಬ್ಬದ ಊಟಕ್ಕೆ ಜನ ಎಣಿಸುವ ಮೊದಲು ಒಲೆ ಎಣಿಸಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲ ಉತ್ತರಿಸಿದವರು ಮುಂಬಯಿಯ ಮಾಟುಂಗಾದಲ್ಲಿ 24 ವರ್ಷಗಳಿಂದ ಮನೆಯಿಂದಲೇ ಹಬ್ಬ, ನಾಮಕರಣ, ಸೀಮಂತದ ಅಡುಗೆ ಮಾಡಿಕೊಡುತ್ತಿರುವ ಗೃಹಿಣಿ.

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹಾಸನದ ಕಡೆಯವರು, ಡೊಂಬಿವಲಿಗೆ ಬಂದು 9 ವರ್ಷವಾಯಿತು. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ಎರಡು ಬೆಡ್‌ರೂಮಿನ ಫ್ಲಾಟು, ಮೂರು ಬರ್ನರಿನ ಸ್ಟೋವು. ಒಂದೂವರೆ ದಿನದ ಗಣಪತಿ ಇಡುತ್ತೇವೆ. ಚೌತಿಯ ಮಧ್ಯಾಹ್ನ 15 ಜನ ನೆಂಟರು, ಯಜಮಾನರ ಆಫೀಸಿನ 12 ಜನ ಊಟಕ್ಕೆ ಬರುತ್ತಾರೆ. ಕಳೆದ ವರ್ಷ ಪಾಯಸ ತಳ ಹಿಡಿಯಿತು, ಆಂಬೊಡೆ ಅರ್ಧ ಜನಕ್ಕೆ ಸಿಗಲಿಲ್ಲ. ನಾನು ಊಟಕ್ಕೆ ಕುಳಿತಾಗ ನಾಲ್ಕೂವರೆ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಮುಂಚೆಯೇ ಮಾಡಿಟ್ಟುಕೊಳ್ಳೋಣ ಎಂದರೆ ಅತ್ತೆಗೆ ಮಡಿ ಮುಖ್ಯ. ಈ ಸಲ ಹೇಗೆ ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಅಡುಗೆ ಬರುತ್ತದೆ, ಕೆಲಸಕ್ಕೂ ನೀವು ಹೆದರುವವರಲ್ಲ. ಹಾಗಾದರೆ ಅಳು ಯಾಕೆ ಬಂತು? ಇಡೀ ಹಬ್ಬದ ಕೆಲಸ ಹನ್ನೊಂದರಿಂದ ಒಂದು ಗಂಟೆಯೊಳಗೆ, ಮೂರು ಬರ್ನರಿನ ಮೇಲೆ, ಒಬ್ಬರ ತಲೆ ಮೇಲೆ ಬಿತ್ತು. ಆ ಎರಡು ಗಂಟೆಯಿಂದ ಏನೇನು ಹೊರಗೆ ತೆಗೆಯಬಹುದು ಎಂದು ನೋಡುವುದೇ ತಯಾರಿ.

ಮೊದಲು ಊಟಕ್ಕೆ ಬರುವವರನ್ನು ಕಡಿಮೆ ಮಾಡೋಣ. ಯಾರನ್ನೂ ಬಿಡಬೇಕಿಲ್ಲ. ನಿಮ್ಮ ಗಣಪತಿ ಮರುದಿನದವರೆಗೆ ಇರುತ್ತಾನೆ, ಅಲ್ವಾ? ಆಫೀಸಿನ 12 ಜನರನ್ನು ಚೌತಿಯ ಸಂಜೆ ಏಳರ ಆರತಿಗೆ ಕರೆಯಿರಿ. ಕಡಲೆಕಾಳು ಉಸಲಿ, ಪ್ರಸಾದ, ಕಾಫಿ ಸಾಕು. ಮುಂಬಯಿಯಲ್ಲಿ ಗಣಪತಿ ನೋಡಲು ಸಂಜೆ ಹೋಗುವುದು ಎಲ್ಲರಿಗೂ ರೂಢಿ, ಯಾರೂ ತಪ್ಪು ತಿಳಿಯುವುದಿಲ್ಲ. ಆಗ ಮಧ್ಯಾಹ್ನ ನಿಮ್ಮ ಮನೆಯ 5, ನೆಂಟರು 15, ಒಟ್ಟು 20 ಜನ. ಹಾಲ್‌ನಲ್ಲಿ ಹತ್ತು ಎಲೆ ಹಿಡಿಸಿದರೆ ಎರಡು ಪಂಕ್ತಿ.

ಇನ್ನು ಅತ್ತೆಯವರ ಮಡಿ. ಇದನ್ನು ಅಡ್ಡಿ ಎಂದುಕೊಳ್ಳಬೇಡಿ. ಹತ್ತು ದಿನ ಮೊದಲೇ, ಕೈಯಲ್ಲಿ ಕೆಲಸ ಇಲ್ಲದ ಹೊತ್ತಿನಲ್ಲಿ ಅವರ ಪಕ್ಕ ಕುಳಿತು ಕೇಳಿ: "ಅತ್ತೆ, ಹಿಂದಿನ ದಿನ ಏನೇನು ಮಾಡಿಟ್ಟರೆ ನಡೆಯುತ್ತೆ?" ಬೇಯಿಸಿದ್ದು ಮುಸುರೆ, ಅದು ಬೇಡ ಎನ್ನಬಹುದು. ಆದರೆ ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಬೆಲ್ಲ ಕುಟ್ಟುವುದು, ಸಾರಿನ ಪುಡಿ, ಎಳ್ಳು ಹುರಿಯುವುದು, ಇವು ಮುಸುರೆ ಅಲ್ಲ. ನಾನು ಅಡುಗೆ ಮಾಡಿಕೊಟ್ಟಿರುವ ಮಡಿಯ ಮನೆಗಳಲ್ಲೆಲ್ಲ ಇಷ್ಟಕ್ಕೆ ಹಿರಿಯರು ಒಪ್ಪಿದ್ದಾರೆ. ಅರ್ಧ ದಿನದ ಕೆಲಸ ಅಲ್ಲೇ ಕಳೆಯಿತು.

ನೈವೇದ್ಯದ ಅಡುಗೆಯನ್ನೂ ಊಟದ ಅಡುಗೆಯನ್ನೂ ಬೇರೆ ಮಾಡಿ. 21 ಕಡುಬು, ಒಂದು ಬಟ್ಟಲು ಪಾಯಸ, ಸ್ವಲ್ಪ ಅನ್ನ, ತೊವ್ವೆ, ಒಂದು ಪಲ್ಯ. ಬೆಳಿಗ್ಗೆ ಆರರಿಂದ ಎಂಟರವರೆಗೆ ಅಡುಗೆಮನೆ ಪೂರ್ತಿ ಅತ್ತೆಯವರದ್ದು. ನೀವು ಒಳಗೆ ಹೋಗಬೇಡಿ. ಅವರಿಗೆ ತಮ್ಮ ಹಬ್ಬ ತಮ್ಮ ಕೈಯಲ್ಲೇ ಆಯಿತು ಎಂಬ ಸಂತೋಷ. ನಿಮಗೆ ಸ್ನಾನ ಮಾಡಿ, ಸೀರೆ ಉಟ್ಟು, ಕುಳಿತು ಒಂದು ಲೋಟ ಹಾಲು ಕುಡಿಯಲು ಬಿಡುವು.

ಈಗ ಅಡುಗೆಯ ಪಟ್ಟಿ. ಕೆಲವು ಅಡುಗೆ ಮಾಡಿಟ್ಟಷ್ಟೂ ರುಚಿ ಏರುತ್ತದೆ, ಕೆಲವು ಮಾಡಿಟ್ಟರೆ ಕೆಡುತ್ತದೆ. ಪುಳಿಯೋಗರೆ ಮೊದಲ ಜಾತಿ. ಗೊಜ್ಜನ್ನು ವಾರ ಮೊದಲೇ ಮಾಡಿಡಬಹುದು, ಬೆಳಿಗ್ಗೆ ಕಲಸಿದ ಅನ್ನ ಮಧ್ಯಾಹ್ನಕ್ಕೆ ಹುಳಿ ಹೀರಿಕೊಂಡು ಇನ್ನೂ ಚೆನ್ನಾಗಿರುತ್ತದೆ. ಹಾಗಾಗಿ ಈ ಸಲ ಚಿತ್ರಾನ್ನ ಬಿಟ್ಟು ಪುಳಿಯೋಗರೆ ಮಾಡಿ. ನಮ್ಮ ಕರಾವಳಿಯ ಮೆಣಸ್ಕಾಯಿಯೂ ಹಾಗೆಯೇ. ಹಾಗಲಕಾಯಿ ಅಥವಾ ಅನಾನಸಿಗೆ ಹುರಿದ ಎಳ್ಳು, ಹುಣಸೆ, ಬೆಲ್ಲ ಬಿದ್ದ ಮೇಲೆ ಅದು ಒಂದು ರಾತ್ರಿ ಕೂತರೇ ಚೆಂದ. ಅತ್ತೆ ಒಪ್ಪದಿದ್ದರೆ ಬೆಳಿಗ್ಗೆ ಮೊದಲು ಇದನ್ನೇ ಮಾಡಿ ಕೆಳಗಿಳಿಸಿ.

ಮಾಡಿಟ್ಟರೆ ಕೆಡುವವು ಆಂಬೊಡೆ, ಹಪ್ಪಳ, ಬಿಸಿ ಕಡುಬು. ಮೂರು ಬರ್ನರಿನ ಮನೆಯಲ್ಲಿ ಇಂಥವು ಎರಡಕ್ಕಿಂತ ಜಾಸ್ತಿ ಇರಬಾರದು. ಚೌತಿಗೆ ಕಡುಬು ಬಿಡುವಂತಿಲ್ಲ, ಆದರೆ ಅದು ನೈವೇದ್ಯದ ಜೊತೆಗೇ ಬೇಯುತ್ತದೆ. ಎಲೆಗೊಂದರಂತೆ ಆ 21ರಲ್ಲೇ ಎಲ್ಲರಿಗೂ ಆಯಿತು. ಉಳಿದದ್ದು ಆಂಬೊಡೆ, ಹಪ್ಪಳ. ಹೋಳಿಗೆ ಈ ಸಲ ಬೇಡ. ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ಹೂರಣ ರುಬ್ಬಿ, ಕಣಕ ನಾದಿ, ಒಂದೊಂದಾಗಿ ತಟ್ಟಿ ಬೇಯಿಸುವ ಹೊತ್ತು ಆ ದಿನ ನಿಮ್ಮ ಹತ್ತಿರ ಇಲ್ಲ. ಯುಗಾದಿಗೆ ಮಾಡಿ, ನಿಧಾನವಾಗಿ.

ಪಾಯಸ ಯಾಕೆ ತಳ ಹಿಡಿಯಿತು? ಶಾವಿಗೆ ಪಾಯಸ ಇರಬೇಕು. ಹಾಲು, ಶಾವಿಗೆ ಎರಡೂ ತೆಳು ಪಾತ್ರೆಯ ತಳಕ್ಕೆ ಅಂಟುತ್ತವೆ. ನೀವು ಬಾಗಿಲು ತೆಗೆದು, ನೆಂಟರಿಗೆ ನೀರು ಕೊಟ್ಟು ಬರುವಷ್ಟರಲ್ಲಿ ಸೀದಿರುತ್ತದೆ. ಈ ಸಲ ಹೆಸರುಬೇಳೆ ಪಾಯಸ ಮಾಡಿ. ಬೇಳೆಯನ್ನು ಘಮ್ಮೆನ್ನುವಂತೆ ಹುರಿದು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಬೇರೆ ಪಾತ್ರೆಯಲ್ಲಿ ಬೆಲ್ಲ ಕರಗಿಸಿ, ಸೋಸಿ, ಬೇಳೆಗೆ ಸೇರಿಸಿ ಕುದಿಸಿ ಮುಚ್ಚಿಡಿ. ಇದು ಬೆಳಿಗ್ಗೆ ಒಂಬತ್ತೂವರೆಗೆ ಆಗಲಿ. ಬಡಿಸುವ ಮುಂಚೆ ಬಿಸಿ ಮಾಡಿ, ಉರಿ ಸಣ್ಣಗಿಟ್ಟು ಕಾಯಿಹಾಲು ಹಾಕಿ, ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸಿ. ಕಾಯಿಹಾಲು ಹಾಕಿದ ಮೇಲೆ ಜೋರಾಗಿ ಕುದಿಸಿದರೆ ಒಡೆಯುತ್ತದೆ. ಕೊನೆಯ ಕೆಲಸ ಐದೇ ನಿಮಿಷ.

ಆಂಬೊಡೆ ಕಡಿಮೆ ಬಿದ್ದದ್ದು ಲೆಕ್ಕ ಇಲ್ಲದ್ದರಿಂದ. 700 ಗ್ರಾಂ ಕಡಲೆಬೇಳೆಗೆ ಸುಮಾರು 50 ಆಂಬೊಡೆ ಬರುತ್ತದೆ, ತಲೆಗೆ ಎರಡರಂತೆ ಹಾಕಿ ಹತ್ತು ಉಳಿಯುತ್ತದೆ. ಎರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ತರಿತರಿಯಾಗಿ ರುಬ್ಬಿ. ಸಬ್ಬಸಿಗೆ ಸೊಪ್ಪನ್ನು ಇಲ್ಲಿನ ಮಾರುಕಟ್ಟೆಯಲ್ಲಿ ಶೇಪು ಎಂದು ಕೇಳಿ. ಒಟ್ಟಿಗೆ ಕರಿದು ಡಬ್ಬಿಯಲ್ಲಿ ಮುಚ್ಚಬೇಡಿ, ಮೆತ್ತಗಾಗುತ್ತದೆ. ಮೊದಲ ಪಂಕ್ತಿಗೆ 25, ಎರಡನೆಯದಕ್ಕೆ 25.

20 ಜನಕ್ಕೆ ಮಿಕ್ಕ ಅಳತೆ ಹೀಗೆ ಇಟ್ಟುಕೊಳ್ಳಿ. ಬಿಳಿ ಅನ್ನಕ್ಕೆ 1.25 ಕಿಲೋ, ಪುಳಿಯೋಗರೆಗೆ ಅರ್ಧ ಕಿಲೋ ಅಕ್ಕಿ. ತೊವ್ವೆ, ಸಾರು ಸೇರಿ 750 ಗ್ರಾಂ ತೊಗರಿಬೇಳೆ. ಕೋಸಂಬರಿಗೆ 250 ಗ್ರಾಂ ಹೆಸರುಬೇಳೆ. ಪಲ್ಯಕ್ಕೆ ಒಂದೂವರೆ ಕಿಲೋ ಹುರುಳಿಕಾಯಿ. ಎಲ್ಲಕ್ಕೂ ಸೇರಿ 7 ತೆಂಗಿನಕಾಯಿ. ಕೋಸಂಬರಿಗೆ ಉಪ್ಪು, ನಿಂಬೆಹಣ್ಣು ಬಡಿಸುವಾಗಲೇ ಹಾಕಿ, ಮುಂಚೆ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಐದು ಲೀಟರಿನ ಕುಕ್ಕರಿನಲ್ಲಿ ಒಂದು ಸಲಕ್ಕೆ ಮುಕ್ಕಾಲು ಕಿಲೋ ಅಕ್ಕಿ ಇಡಿ, ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಮೊದಲ ಪಂಕ್ತಿ ಕುಳಿತಾಗ ಎರಡನೇ ಕುಕ್ಕರ್ ಏರಿಸಿದರೆ ಎರಡೂ ಪಂಕ್ತಿಗೆ ಬಿಸಿ ಅನ್ನ. ಎಲ್ಲ ಅಡುಗೆಯೂ ಹನ್ನೆರಡಕ್ಕೇ ಮುಗಿದಿರಬೇಕು ಎಂದು ಯಾರು ಹೇಳಿದರು?

ಒಂದು ಮಾತು ಮರೆಯಬೇಡಿ. ನೀವು ಹಾಸನದವರು, ಚೌತಿಯ ಹಿಂದಿನ ದಿನ ನಿಮಗೆ ಗೌರಿ. ಬಾಗಿನ, ಪೂಜೆ, ಅದೇ ಒಂದು ಹಬ್ಬ. "ಹಿಂದಿನ ದಿನ ಮಾಡಿಕೊಳ್ಳುತ್ತೇನೆ" ಎಂದು ಬರೆದುಕೊಂಡ ಕೆಲಸವೆಲ್ಲ ಆ ದಿನ ಆಗುವುದಿಲ್ಲ. ನಿಮ್ಮ ತಯಾರಿಯ ದಿನ ಗೌರಿಯ ಮುನ್ನಾದಿನ. ಅಂದು ಕಾಯಿ ತುರಿದು ಡಬ್ಬಿಗೆ ತುಂಬಿ ಫ್ರೀಜರಿಗೆ ಹಾಕಿ, ಮಳೆಗಾಲದ ಸೆಕೆಗೆ ಹೊರಗಿಟ್ಟರೆ ರಾತ್ರಿಯೊಳಗೆ ವಾಸನೆ ಬರುತ್ತದೆ. ಹುರುಳಿಕಾಯನ್ನು ಗೌರಿಯ ರಾತ್ರಿ ಹೆಚ್ಚಿದರೆ ಸಾಕು. ಫ್ರಿಜ್ಜನ್ನು ವಾರ ಮೊದಲಿನಿಂದ ಖಾಲಿ ಮಾಡುತ್ತಾ ಬನ್ನಿ, ಹಬ್ಬದ ಹಿಂದಿನ ದಿನ ಜಾಗಕ್ಕಾಗಿ ಹುಡುಕುವಂತಾಗಬಾರದು.

ಬಾಳೆಎಲೆಗೆ ಮಾಟುಂಗಾ ಮಾರುಕಟ್ಟೆಗೆ ಬರುವುದಾದರೆ ಹಬ್ಬಕ್ಕೆ ಎರಡು ದಿನ ಮೊದಲು, ಲೋಕಲ್‌ನ ನೂಕುನುಗ್ಗಲು ತಗ್ಗಿದ ಮೇಲೆ, ಹನ್ನೊಂದರ ಹೊತ್ತಿಗೆ ಬನ್ನಿ. ಸ್ಲೋ ಟ್ರೇನ್ ಹಿಡಿಯಿರಿ, ಫಾಸ್ಟ್ ಇಲ್ಲಿ ನಿಲ್ಲುವುದಿಲ್ಲ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾದ ಕಡೆ ಇಟ್ಟರೆ ಎರಡು ದಿನ ಹಾಳಾಗದು. ಮನೆಕೆಲಸದವರು ಗಣಪತಿಗೆ ಕೊಂಕಣದ ತಮ್ಮ ಊರಿಗೆ ಹೋಗುತ್ತಾರಾ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಹೋಗಲಿ ಬಿಡಿ, ಅವರಿಗೂ ಹಬ್ಬ ಇದೆ. ನಿಮ್ಮದು ಸಿಲಿಂಡರಿನ ಗ್ಯಾಸ್ ಆಗಿದ್ದರೆ ಇನ್ನೊಂದು ತುಂಬಿದ್ದು ಇರಲೇಬೇಕು. ನಮ್ಮ ಮನೆಯಲ್ಲಿ ಒಂದು ವರ್ಷ ಬೇಳೆಯ ಕುಕ್ಕರ್ ಒಂದೂ ಕೂಗದೆ ಗ್ಯಾಸ್ ಮುಗಿಯಿತು. ಪಕ್ಕದ ಮನೆಯ ಗುಜರಾತಿ ಬೆಹೆನ್ ತಮ್ಮ ಸಿಲಿಂಡರನ್ನೇ ಕೊಟ್ಟರು. ಅವರ ಉಪಕಾರ ಇನ್ನೂ ನೆನಪಿದೆ.

"ಏನಾದರೂ ಸಹಾಯ ಬೇಕಾ" ಎಂದು ಕೇಳುವವರಿಗೆ ನೀವು "ಪರವಾಗಿಲ್ಲ" ಎನ್ನುತ್ತೀರಿ, ನನಗೆ ಗೊತ್ತು. ಕೆಲಸಕ್ಕೆ ಹೆಸರು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಕಾಯಿ ತುರಿಯುವುದು, ನೀರು ತುಂಬಿಡುವುದು ಯಜಮಾನರು. ಎಲೆ ಒರೆಸುವುದು, ಲೋಟ ಇಡುವುದು ಮಕ್ಕಳು. ನಾದಿನಿಯೋ ಓರಗಿತ್ತಿಯೋ ಬರುತ್ತಿದ್ದರೆ ಎರಡು ದಿನ ಮೊದಲೇ ಫೋನ್ ಮಾಡಿ ಹೇಳಿ: "ಎರಡನೇ ಪಂಕ್ತಿ ನೀನು ಬಡಿಸಬೇಕು ಕಣೆ, ನಾನು ಊಟಕ್ಕೆ ಕೂರುತ್ತೇನೆ." ಹೌದು, ನೀವು ಎರಡನೇ ಪಂಕ್ತಿಯಲ್ಲೇ ಕೂರಬೇಕು, ಎಲ್ಲರ ನಡುವೆ. ಇದನ್ನು ಪಟ್ಟಿಯಲ್ಲಿ ಮೊದಲು ಬರೆಯಿರಿ.

ಪುರೋಹಿತರನ್ನು ಕರೆಸುವುದಾದರೆ ಅವರಿಗೆ ಆ ದಿನ ಮನೆಯಿಂದ ಮನೆಗೆ ಓಡಾಟ. ಒಂಬತ್ತು ಎಂದವರು ಹನ್ನೊಂದಕ್ಕೆ ಬಂದಾರು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರನ್ನು ಮಂಗಳಾರತಿಯವರೆಗೆ ಹಸಿದು ಕೂರಿಸಬೇಡಿ. ಹಾಲು, ಹಣ್ಣು ಒಂದು ಕಡೆ ಇಟ್ಟಿರಿ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅಂಧೇರಿಯಲ್ಲಿದ್ದೇವೆ. ದೀಪಾವಳಿಗೆ 15 ಜನ ಬರುತ್ತಾರೆ. ಕೆಲವನ್ನು ಹೊರಗಿನಿಂದ ತರಿಸೋಣ ಎಂದರೆ ಅಮ್ಮ "ಮನೆ ಅಡುಗೆ ಅನ್ನೋ ಮಾತೇ ಇಲ್ವಾ" ಎನ್ನುತ್ತಾರೆ.

ಉತ್ತರ: ತರಿಸಿ, ತಪ್ಪಿಲ್ಲ. ಚಕ್ಕುಲಿ, ಉಂಡೆ, ಹೋಳಿಗೆ ಹೊರಗಿನಿಂದ ಬರಲಿ. ಅನ್ನ, ಸಾರು, ಪಲ್ಯ ಮನೆಯದೇ ಇರಲಿ. ಕುದಿಯುವ ಸಾರಿನ ಪರಿಮಳ ಬಾಗಿಲಲ್ಲೇ ಬಂದವರನ್ನು ಕರೆಯುತ್ತದೆ, ಅದು ಡಬ್ಬಿಯಲ್ಲಿ ಬರುವುದಿಲ್ಲ. ಅಮ್ಮನಿಗೆ ಅವರ ಕೈರುಚಿಯ ಒಂದು ಅಡುಗೆ ಒಪ್ಪಿಸಿ, ಒಂದೇ. ಮನೆಯಿಂದ ಮಾಡಿಕೊಡುವವರಿಗೆ ಮೂರು ವಾರ ಮೊದಲೇ ಹೇಳಿ, ದೀಪಾವಳಿಗೆ ನಮ್ಮಂಥವರಿಗೆ ಕೈ ತುಂಬಾ ಕೆಲಸ. ಹೋಳಿಗೆಯನ್ನು ಕಿಲೋ ಲೆಕ್ಕದಲ್ಲಿ ಬೇಡ, ಎಷ್ಟು ಎಂದು ಎಣಿಸಿ ಹೇಳಿ. ಹಿಂದಿನ ಸಂಜೆಯೇ ಮನೆ ಸೇರುವಂತೆ ಗಟ್ಟಿ ಮಾಡಿಕೊಳ್ಳಿ. ಹಬ್ಬದ ದಿನದ ಟ್ರಾಫಿಕ್ ನಂಬಬೇಡಿ.

ಪ್ರಶ್ನೆ: ಹಬ್ಬದಲ್ಲಿ ತುಂಬಾ ಅಡುಗೆ ಉಳಿಯುತ್ತದೆ. ಬಿಸಾಡಲು ಮನಸ್ಸು ಬರುವುದಿಲ್ಲ. ಏನೇನು ಇಟ್ಟುಕೊಳ್ಳಬಹುದು? (ಮುಲುಂಡ್)

ಉತ್ತರ: ಊಟ ಮುಗಿದ ಮೇಲೆ ಕುಳಿತು ಹರಟುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ. ಬೇಯಿಸಿದ್ದು ಎರಡು ಗಂಟೆಗಿಂತ ಹೊರಗಿರಬಾರದು. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೆಚ್ಚಗೆ ಕೂತ ಅನ್ನದಲ್ಲಿ ಬೆಳೆದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ ಫ್ರಿಜ್ಜಿಗಿಡಿ. ಕಾಯಿ ಹಾಕಿದ ಕೋಸಂಬರಿ ಇಟ್ಟುಕೊಳ್ಳಬೇಡಿ. ವಾಚ್‌ಮನ್‌ಗೆ, ಅಕ್ಕಪಕ್ಕದವರಿಗೆ ಕೊಡುವುದಿದ್ದರೆ ಅದೇ ಮಧ್ಯಾಹ್ನ ಬಿಸಿಯಿದ್ದಾಗ ಕೊಡಿ, ಮರುದಿನ ಉಳಿದದ್ದನ್ನಲ್ಲ. ಮೊದಲೇ ಒಂದು ಡಬ್ಬಿ ಅವರ ಹೆಸರಿನಲ್ಲಿ ತುಂಬಿಟ್ಟರೆ ಇನ್ನೂ ಒಳ್ಳೆಯದು. ಆಂಬೊಡೆ ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನ ಮಜ್ಜಿಗೆಹುಳಿಗೆ ಹಾಕಿ. ಹುಳಿ ಇಳಿಸುವ ಐದು ನಿಮಿಷ ಮುಂಚೆ ಹಾಕಿದರೆ ಸಾಕು, ಚೆನ್ನಾಗಿ ಹೀರಿಕೊಳ್ಳುತ್ತದೆ.