ಓದುಗರ ಪ್ರಶ್ನೆ: ಹದಿಹರೆಯದವರ ನಿದ್ದೆ, ಸಿಡುಕು ಮತ್ತು ದಿನಚರಿ

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಎರಡು ವರ್ಷಗಳ ಹಿಂದೆ ರಾತ್ರಿ ಒಂಬತ್ತೂವರೆಗೆಲ್ಲ ಮಲಗಿಬಿಡುತ್ತಿದ್ದವನು ಈಗ ಹನ್ನೆರಡಾದರೂ ಎಚ್ಚರವಾಗಿಯೇ ಇರುತ್ತಾನೆ. ಬೆಳಗ್ಗೆ ಆರಕ್ಕೆ ಅವನನ್ನು ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ತಿಂಡಿ ತಿನ್ನದೆ ಶಾಲೆಗೆ ಓಡುತ್ತಾನೆ, ಸಂಜೆ ಬಂದವನೇ ಎರಡು ಗಂಟೆ ಮಲಗುತ್ತಾನೆ, ರಜೆಯ ದಿನ ಮಧ್ಯಾಹ್ನದವರೆಗೆ ಏಳುವುದಿಲ್ಲ. ಮಾತನಾಡಿಸಿದರೆ ರೇಗುತ್ತಾನೆ. ಮೊಬೈಲೇ ಇದಕ್ಕೆಲ್ಲ ಕಾರಣವೆಂದು ಅವನ ತಂದೆ ಅದನ್ನು ಕಿತ್ತಿಟ್ಟರು. ಆದರೂ ನಿದ್ದೆ ಬೇಗ ಬರಲಿಲ್ಲ, ಮನೆಯಲ್ಲಿ ಜಗಳ ಮಾತ್ರ ಹೆಚ್ಚಾಯಿತು. ನಾವೇನು ಮಾಡಬೇಕು?

ಉತ್ತರ: ನಿಮ್ಮ ಮಗನ ನಿದ್ದೆಯ ಹೊತ್ತು ಮುಂದಕ್ಕೆ ಹೋಗಿರುವುದಕ್ಕೆ ಮೊದಲ ಕಾರಣ ಅವನ ವಯಸ್ಸು. ಪ್ರೌಢಾವಸ್ಥೆಗೆ ಕಾಲಿಡುತ್ತಿದ್ದಂತೆ ದೇಹದ ಒಳಗಡಿಯಾರವು ಒಂದರಿಂದ ಎರಡು ಗಂಟೆಯಷ್ಟು ಹಿಂದೆ ಬೀಳುತ್ತದೆ. ಮಲಗುವ ಸಮಯವಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಬಾಲ್ಯದಲ್ಲಿ ಸ್ರವಿಸುತ್ತಿದ್ದುದಕ್ಕಿಂತ ತಡವಾಗಿ ಸ್ರವಿಸತೊಡಗುತ್ತದೆ. ಎಚ್ಚರವಾಗಿದ್ದಷ್ಟು ಹೊತ್ತೂ ಕೂಡುತ್ತಾ ಹೋಗುವ ನಿದ್ದೆಯ ಒತ್ತಡವೂ ಈ ವಯಸ್ಸಿನಲ್ಲಿ ನಿಧಾನವಾಗಿ ಏರುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್‌ಕಡಾನ್ ಅವರು ದಶಕಗಳ ಕಾಲ ಹದಿಹರೆಯದವರ ನಿದ್ದೆಯನ್ನು ಅಧ್ಯಯನ ಮಾಡಿ ಈ ಬದಲಾವಣೆಯನ್ನು ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಒಂಬತ್ತೂವರೆಗೆ ದೀಪ ಆರಿಸಿ ಮಲಗೆಂದು ಹೇಳಿದರೆ ಅವನು ಹಾಸಿಗೆಯಲ್ಲಿ ಹೊರಳಾಡಬಹುದೇ ಹೊರತು ನಿದ್ದೆ ಬರುವುದು ಕಷ್ಟ.

ನಿದ್ದೆಯ ಹೊತ್ತು ಮುಂದಕ್ಕೆ ಹೋದರೂ ಅದರ ಅಗತ್ಯ ಕಡಿಮೆಯಾಗುವುದಿಲ್ಲ ಎಂಬುದೇ ಇಲ್ಲಿನ ತೊಡಕು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದೆ. ಹನ್ನೆರಡಕ್ಕೆ ಮಲಗಿ ಆರಕ್ಕೆ ಏಳುವ ಹುಡುಗನಿಗೆ ಪ್ರತಿ ರಾತ್ರಿ ಕನಿಷ್ಠ ಎರಡು ಗಂಟೆ ಕೊರತೆಯಾಗುತ್ತದೆ. ಶಾಲೆಯ ಐದು ದಿನ ಕಳೆಯುವಷ್ಟರಲ್ಲಿ ಅದು ಹತ್ತು ಗಂಟೆಯಾಗುತ್ತದೆ. ರಜೆಯ ದಿನ ಅವನು ಮಧ್ಯಾಹ್ನದವರೆಗೆ ಮಲಗುವುದು ಈ ಬಾಕಿಯನ್ನು ತೀರಿಸಿಕೊಳ್ಳಲು ದೇಹ ಮಾಡುವ ಪ್ರಯತ್ನವೇ ಆಗಿದೆ. ದಯವಿಟ್ಟು ಅವನನ್ನು ಸೋಮಾರಿಯೆಂದು ಕರೆಯಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಮಾಧ್ಯಮಿಕ ಮತ್ತು ಪ್ರೌಢಶಾಲೆಗಳು ಬೆಳಗ್ಗೆ 8.30ಕ್ಕಿಂತ ಮೊದಲು ಆರಂಭವಾಗಬಾರದೆಂದು 2014ರಲ್ಲಿ ಸಲಹೆ ನೀಡಿದ್ದು ಇದೇ ಕಾರಣಕ್ಕೆ. ಶಾಲೆಯ ಸಮಯವನ್ನು ಬದಲಿಸುವುದು ಒಂದು ಮನೆಯವರ ಕೈಯಲ್ಲಿಲ್ಲ ನಿಜ, ಆದರೆ ಪೋಷಕರ ಸಭೆಯಲ್ಲಿ ಎತ್ತಬೇಕಾದ ವಿಷಯಗಳಲ್ಲಿ ಇದೂ ಒಂದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ರೇಗಾಟಕ್ಕೂ ಇದಕ್ಕೂ ನೇರ ನಂಟಿದೆ. ಭಯ, ಕೋಪಗಳನ್ನು ಹುಟ್ಟಿಸುವ ಮಿದುಳಿನ ಭಾಗಗಳು ನಿದ್ದೆಗೆಟ್ಟಾಗ ಸಣ್ಣ ಕಾರಣಕ್ಕೂ ಕೆರಳುತ್ತವೆ, ಅವುಗಳನ್ನು ಹತೋಟಿಯಲ್ಲಿಡಬೇಕಾದ ಹಣೆಯ ಹಿಂದಿನ ಭಾಗದ ಹಿಡಿತ ಸಡಿಲವಾಗುತ್ತದೆ. ಆ ಭಾಗದ ಬೆಳವಣಿಗೆ 25ರ ಆಸುಪಾಸಿನವರೆಗೂ ನಡೆಯುತ್ತಲೇ ಇರುತ್ತದೆ. ಹಾಗಾಗಿ ‘ಪುಸ್ತಕ ಎಲ್ಲಿಟ್ಟೆ?’ ಎಂಬ ಸಾಧಾರಣ ಪ್ರಶ್ನೆಯೂ ಬೆಳಗ್ಗೆ ಆರೂಕಾಲಕ್ಕೆ ಅವನ ಕಿವಿಗೆ ಆರೋಪದಂತೆ ಕೇಳಿಸಬಹುದು. ಉಪದೇಶ, ಲೆಕ್ಕ, ತಕರಾರುಗಳನ್ನೆಲ್ಲ ಸಂಜೆಗೆ ಇಟ್ಟುಕೊಳ್ಳಿ.

ಇನ್ನು ಮೊಬೈಲ್. ಅದು ನಿರಪರಾಧಿಯಲ್ಲ. ರಾತ್ರಿ ಕಣ್ಣಿಗೆ ಬೀಳುವ ಬೆಳಕು ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತದೆ; ಅದಕ್ಕಿಂತಲೂ ಮಿಗಿಲಾಗಿ, ಮುಗಿಯುವುದೆಂಬುದೇ ಇಲ್ಲದ ವಿಡಿಯೊಗಳು ಮತ್ತು ಗೆಳೆಯರ ಸಂದೇಶಗಳು ಮನಸ್ಸನ್ನು ಎಚ್ಚರವಾಗಿಡುತ್ತವೆ. ಆದರೆ ಈಗಾಗಲೇ ಹಿಂದೆ ಬಿದ್ದಿರುವ ಒಳಗಡಿಯಾರವು ಮೊಬೈಲ್ ಕಿತ್ತುಕೊಂಡ ಮಾತ್ರಕ್ಕೆ ಮರುದಿನವೇ ಸರಿಹೋಗುವುದಿಲ್ಲ, ಶಿಕ್ಷೆಯಾಗಿ ಕಿತ್ತುಕೊಂಡರಂತೂ ಕೋಪದಿಂದಲೇ ನಿದ್ದೆ ಹಾರಿಹೋಗುತ್ತದೆ. ಮಲಗುವ ಒಂದು ಗಂಟೆ ಮೊದಲು ಮನೆಯ ಎಲ್ಲರ ಮೊಬೈಲ್‌ಗಳೂ, ಮುಖ್ಯವಾಗಿ ತಂದೆತಾಯಿಯರದ್ದೂ, ಮಲಗುವ ಕೋಣೆಯಿಂದ ಹೊರಗೆ ಒಂದೇ ಕಡೆ ಚಾರ್ಜ್‌ಗೆ ಸೇರಲಿ. ಅಲಾರಾಂಗೆ ಮೊಬೈಲ್ ಬೇಕೆಂಬ ನೆಪ ಬಂದರೆ ಒಂದು ಸಾಧಾರಣ ಗಡಿಯಾರ ತಂದುಕೊಡಿ.

ಬದಲಾವಣೆಯನ್ನು ಬೆಳಗಿನಿಂದ ಆರಂಭಿಸಿ, ಏಕೆಂದರೆ ಒಳಗಡಿಯಾರವನ್ನು ತಿದ್ದುವ ಶಕ್ತಿ ಇರುವುದು ಬೆಳಗಿನ ಬೆಳಕಿಗೆ. ಎದ್ದ ಅರ್ಧ ಗಂಟೆಯೊಳಗೆ ಅವನು ಹತ್ತಿಪ್ಪತ್ತು ನಿಮಿಷ ಬಯಲಿನಲ್ಲಿ ಇರುವಂತಾಗಲಿ. ಶಾಲೆಯವರೆಗೆ ನಡೆದುಹೋದರೂ ಆದೀತು. ಸಂಜೆಯ ಎರಡು ಗಂಟೆಯ ನಿದ್ದೆ ರಾತ್ರಿಯ ನಿದ್ದೆಯನ್ನು ಕದಿಯುತ್ತದೆ, ಅದನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಬೇಕು. ರಜೆಯ ದಿನ ಏಳುವುದು ಎಂದಿಗಿಂತ ಒಂದೂವರೆ ಗಂಟೆಗಿಂತ ಹೆಚ್ಚು ತಡವಾಗದಿರಲಿ, ಇಲ್ಲದಿದ್ದರೆ ಆ ರಾತ್ರಿ ನಿದ್ದೆ ಬರುವುದು ಇನ್ನೂ ತಡವಾಗಿ ಮರುದಿನದ ಬೆಳಗು ಮತ್ತಷ್ಟು ಕಠಿಣವಾಗುತ್ತದೆ. ಮಲಗುವ ಹೊತ್ತನ್ನು ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷದಷ್ಟು ಹಿಂದಕ್ಕೆ ತಂದರೆ ಸಾಕು, ಒಮ್ಮೆಲೇ ಎರಡು ಗಂಟೆ ಎಳೆಯಲು ಹೋಗಬೇಡಿ. ತಿಂಡಿಯ ವಿಷಯಕ್ಕೆ ಬೇರೆ ಹೋರಾಟ ಬೇಡ: ಅರ್ಧ ಗಂಟೆ ಮೊದಲು ಎದ್ದವನಿಗೆ ಹಸಿವು ತಾನಾಗಿಯೇ ಆಗುತ್ತದೆ. ಈ ವೇಳಾಪಟ್ಟಿಯನ್ನು ನೀವು ಬರೆದು ಕೊಡುವ ಬದಲು ಅವನ ಕೈಯಲ್ಲೇ ಬರೆಸಿ. ಈ ವಯಸ್ಸಿನವರು ತಾವು ಒಪ್ಪಿಕೊಂಡ ನಿಯಮವನ್ನು ಪಾಲಿಸುವಷ್ಟು ಹೇರಿದ ನಿಯಮವನ್ನು ಪಾಲಿಸುವುದಿಲ್ಲ.

ಪ್ರಶ್ನೆ: ನಾನು 17 ವರ್ಷದ ವಿದ್ಯಾರ್ಥಿನಿ. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಹತ್ತಕ್ಕೆ ಕಾಫಿ ಕುಡಿದು ಎರಡರವರೆಗೆ ಓದುತ್ತೇನೆ. ಗೆಳತಿಯರು ಎನರ್ಜಿ ಡ್ರಿಂಕ್ ಇನ್ನೂ ಒಳ್ಳೆಯದೆನ್ನುತ್ತಾರೆ. ಇದರಿಂದ ತೊಂದರೆಯಿದೆಯೇ?

ಉತ್ತರ: ಇದೆ. ದಣಿವನ್ನು ಮಿದುಳಿಗೆ ತಿಳಿಸುವ ಅಡೆನೊಸಿನ್ ಎಂಬ ರಾಸಾಯನಿಕದ ದಾರಿಯನ್ನು ಕೆಫೀನ್ ಕೆಲಕಾಲ ಮುಚ್ಚುತ್ತದೆ. ದಣಿವು ಹೋಗಿರುವುದಿಲ್ಲ, ಅದರ ಸುದ್ದಿ ಮಾತ್ರ ನಿಮಗೆ ತಲುಪುತ್ತಿರುವುದಿಲ್ಲ. ದೇಹ ಸೇರಿದ ಕೆಫೀನ್‌ನಲ್ಲಿ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಅಂದರೆ ಹತ್ತಕ್ಕೆ ಕುಡಿದ ಕಾಫಿಯ ಅರ್ಧ ಭಾಗ ನಸುಕಿನ ಮೂರಕ್ಕೂ ನಿಮ್ಮ ರಕ್ತದಲ್ಲಿರುತ್ತದೆ, ಎರಡಕ್ಕೆ ಪುಸ್ತಕ ಮುಚ್ಚಿದರೂ ಗಾಢ ನಿದ್ದೆ ಬರುವುದಿಲ್ಲ. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರುವ ಕೆಲಸ ಬಹುಪಾಲು ನಡೆಯುವುದು ನಿದ್ದೆಯಲ್ಲೇ ಆದ್ದರಿಂದ, ಹೀಗೆ ಉಳಿಸಿದ ಗಂಟೆಗಳಿಂದ ನಿಮಗೆ ಆಗುವ ಲಾಭ ತೀರ ಕಡಿಮೆ. ಕಾಫಿ ಬೇಕೇ ಬೇಕೆನಿಸಿದರೆ ಮಧ್ಯಾಹ್ನದೊಳಗೆ ಒಂದು ಲೋಟಕ್ಕೆ ನಿಲ್ಲಿಸಿ. ಎನರ್ಜಿ ಡ್ರಿಂಕ್‌ಗಳಿಗೆ ಮಕ್ಕಳ ಮತ್ತು ಹದಿಹರೆಯದವರ ಆಹಾರದಲ್ಲಿ ಜಾಗವೇ ಇಲ್ಲವೆಂದು ಮೇಲೆ ಹೇಳಿದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಸ್ಪಷ್ಟಪಡಿಸಿದೆ. ನನ್ನ ಅಭಿಪ್ರಾಯವೂ ಅದೇ.

ಪ್ರಶ್ನೆ: ಓದಿಗೆ ಅಡ್ಡಿಯಾಗುತ್ತದೆಂದು 14 ವರ್ಷದ ಮಗಳ ಆಟವನ್ನು ನಿಲ್ಲಿಸಿದ್ದೇವೆ. ಸರಿಯೇ?

ಉತ್ತರ: ಸರಿಯಲ್ಲ, ನಾಳೆಯೇ ಮತ್ತೆ ಕಳುಹಿಸಿ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂತೆ ಮೈದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮೂಳೆಗಳು ಗಟ್ಟಿಯಾಗುವುದು ಮುಖ್ಯವಾಗಿ ಈ ವರ್ಷಗಳಲ್ಲೇ. ಆಟವಾಡಿದ ಮಕ್ಕಳಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಮನಸ್ಸು ಹಗುರಾಗಿರುತ್ತದೆ, ಓದಿನಲ್ಲಿ ಗಮನವೂ ನಿಲ್ಲುತ್ತದೆ.

ಪ್ರಶ್ನೆ: ದಿನಚರಿ ತಿದ್ದಿದರೂ ಮಕ್ಕಳು ಮಂಕಾಗಿಯೇ ಇದ್ದರೆ ಏನು ಮಾಡಬೇಕು?

ಉತ್ತರ: ಎಲ್ಲವನ್ನೂ ಅಭ್ಯಾಸದ ತಲೆಗೆ ಕಟ್ಟಬಾರದು. ಸದಾ ಸುಸ್ತಾಗಿರುವ ಹುಡುಗಿಗೆ, ಅದರಲ್ಲೂ ಮುಟ್ಟಿನ ಸ್ರಾವ ಹೆಚ್ಚಾಗಿದ್ದರೆ, ಕಬ್ಬಿಣಾಂಶದ ಕೊರತೆ ಇರಬಹುದು. ಥೈರಾಯ್ಡ್ ತೊಂದರೆಯೂ ಇರಬಹುದು. ರಕ್ತ ಪರೀಕ್ಷೆಯಿಂದ ಇವೆರಡೂ ತಿಳಿಯುತ್ತವೆ. 10ರಿಂದ 19 ವರ್ಷದ ಪ್ರತಿ ಏಳು ಮಂದಿಯಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಮಂಕುತನ ಮುಂದುವರಿದರೆ, ಇಷ್ಟದ ಕೆಲಸಗಳನ್ನೂ ಕೈಬಿಟ್ಟರೆ, ಊಟ ತೀರ ಕಡಿಮೆಯಾದರೆ, ಮೈಮೇಲೆ ಕೊಯ್ದುಕೊಂಡ ಗುರುತುಗಳು ಕಂಡರೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಸಾಯಬೇಕೆನಿಸುತ್ತಿದೆಯೇ ಎಂದು ಮಗುವನ್ನು ನೇರವಾಗಿ, ಗದರದೆ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂಬ ಉತ್ತರ ಬಂದರೆ ಒಂಟಿಯಾಗಿ ಬಿಡದೆ, ಔಷಧಿ ಮತ್ತು ಹರಿತವಾದ ವಸ್ತುಗಳನ್ನು ಕೈಗೆ ಸಿಗದಂತೆ ಎತ್ತಿಟ್ಟು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.