ಪೆಸ್ಟೊಗೆ ಗೋಡಂಬಿ ಹಾಕಿದರೆ ಅದು ಪೆಸ್ಟೊನೇ ಅಲ್ವಾ?

ಚಟ್ನಿಯಂಥ ಈ ಹಸಿರು ಸಾಸ್‌ನ ತವರಾದ ಇಟಲಿಯ ಜೆನೋವಾ ಊರಿನವರನ್ನು ಕೇಳಿದರೆ ಅಲ್ಲ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಏಳೇ ಸಾಮಾನು: ಎಳೆ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಕಲ್ಲುಪ್ಪು, ಆಲಿವ್ ಎಣ್ಣೆ, ಜೊತೆಗೆ ಪಾರ್ಮಿಜಾನೊ ಮತ್ತು ಪೆಕೊರಿನೊ ಎಂಬ ಎರಡು ಚೀಸ್. ಪೆಸ್ಟೊ ಅಂದರೇನೇ ಜಜ್ಜಿದ್ದು. ಅಮೃತಶಿಲೆಯ ಒರಳಲ್ಲಿ ಮರದ ಕುಟ್ಟುಗೋಲಿನಿಂದ ಜಜ್ಜುತ್ತಾರೆ. ಮಿಕ್ಸಿಯ ಬಿಸಿಗೆ ಎಲೆ ಬೇಗ ಕಪ್ಪಾಗುತ್ತದೆ. ಮಿಕ್ಸಿಯಲ್ಲೇ ಮಾಡುವುದಾದರೆ ಜಾರನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ಬಿಟ್ಟು ಬಿಟ್ಟು ತಿರುಗಿಸಿ.

ಪಕ್ಕದ ಫ್ರಾನ್ಸಿನಲ್ಲಿ ಮಾಡುವ ಪಿಸ್ತೂ ಎಂಬ ಇಂಥದೇ ಸಾಸ್‌ಗೆ ಸಾಮಾನ್ಯವಾಗಿ ಬೀಜವನ್ನೇ ಹಾಕುವುದಿಲ್ಲ! ಹಾಗಾಗಿ ದುಬಾರಿ ಪೈನ್ ಬೀಜದ ಬದಲು ಗೋಡಂಬಿ ಹಾಕಿದರೆ ನನ್ನ ತಕರಾರಿಲ್ಲ. ಎಲೆ ಬದಲಿಸಿದರೆ ಮಾತ್ರ ರುಚಿಯೇ ಬೇರೆ. ತುಳಸಿಯಂತೂ ಬೇಡ, ಲವಂಗದಂಥ ಘಾಟು ಜಾಸ್ತಿ. ನಮ್ಮ ಕಾಮಕಸ್ತೂರಿ ಬೇಸಿಲ್ ಜಾತಿಯದೇ ಗಿಡ. ಅದರ ಎಳೆ ಎಲೆ ಸಿಕ್ಕರೆ ಧೈರ್ಯವಾಗಿ ಹಾಕಿ.